ಯಾರ ಮನೆ ಒರಳು

“ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ನಂಗೆ ಕಾಪಿರೈಟ್ ಹೇಳ್ಕೊಡಾಕೆ ಜಗಳೂರಿಂದ ಬಸ್ ಹತ್ತಿ ಬಂದಾನೆ, ನೋಡ್ರಪ್ಪಾ,” ಎಂದ ವಿನಯ್ ಕುಮಾರ್.

ಚನ್ನಗಿರಿಯ ಅವನ ಮೊಬೈಲ್ ಅಂಗಡಿಯಲ್ಲಿ ಆಗ ಆರು ಜನ ಗಿರಾಕಿಗಳಿದ್ದರು. ನಾಲ್ವರು ನಕ್ಕರು. ಯಾರ್ಯಾರು ಅಂತ ನೋಡಿಟ್ಟುಕೊಂಡೆ.

ಎಂಟನೇ ಕ್ಲಾಸು ನಿಜ. ಅದನ್ನು ನನ್ನ ಆನ್‌ಲೈನ್ ಚಾನೆಲ್ಲಿನಲ್ಲಿ ನಾನೇ ಬರೆದುಕೊಂಡಿದ್ದೇನೆ: ಜಗಳೂರು ಹತ್ತಿರ ಸೊಕ್ಕೆ ಊರು, ವೆಲ್ಡಿಂಗ್ ಕೆಲಸ, ಎಂಟನೇ ಕ್ಲಾಸು, ಬೊಮ್ಮಕ್ಕನ ಮೊಮ್ಮಗ.

ಬೊಮ್ಮಕ್ಕ ನಮ್ಮಪ್ಪನ ತಾಯಿ. ಹೋದ ವರ್ಷ ತೀರಿಕೊಂಡಳು. ಅವಳು ಹಾಡಿದ ಅರವತ್ತೊಂದು ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಚಾನೆಲ್ಲಿಗೆ ಹಾಕಿದ್ದೆ. ಅದರಲ್ಲಿ ಮೂರು ತಮ್ಮಪ್ಪ ಮಾಡಿಸಿದ ಹಳೆಯ ಕ್ಯಾಸೆಟ್ಟಿನವು ಎಂದು ವಿನಯ್ ದೂರು ಕೊಟ್ಟಿದ್ದ. ಮೂರನೇ ದೂರಿಗೆ ಚಾನೆಲ್ಲೇ ಹೋಗುತ್ತದೆ. ದೂರು ವಾಪಸಾಗಲು ಗಡುವು ಏಳು ದಿನ, ಐದು ಕಳೆದಿದ್ದವು.

ಹಾಡುಗಳು ನನ್ನ ಹತ್ತಿರ ಇವೆ. ಹೋಗುವುದು ಅವುಗಳ ಕೆಳಗೆ ಜನ ಬರೆದದ್ದು. ಅಜ್ಜಿ ಮರೆತಿದ್ದ ನಾಲ್ಕು ನುಡಿಗಳನ್ನು ನ್ಯಾಮತಿಯ ಹೆಂಗಸೊಬ್ಬರು ಬರೆದಿದ್ದಾರೆ. ಅದು ಹಾಗಲ್ಲ, ಹೀಗೆ ಅಂತ ಇನ್ನೊಬ್ಬರು ಜಗಳ ತೆಗೆದಿದ್ದಾರೆ. ಆ ಜಗಳದೊಳಗೆ ಇನ್ನೂ ಎರಡು ಹೊಸ ಪದ ಸಿಕ್ಕಿವೆ. ಅಜ್ಜಿ ಸತ್ತ ಮೇಲೂ ಅಲ್ಲಿ ಪದ ಬೆಳೆಯುತ್ತಿತ್ತು.

ಹೊನ್ನಾಳಿಯ ಚೈತ್ರಾ ಕೂಡ ಅಲ್ಲಿಗೇ ಬಂದವಳು. ಅವಳಿಗೆ ಕಂಪನಿ ಇಲ್ಲ, ಸ್ಟುಡಿಯೋ ಇಲ್ಲ. ತನ್ನ ರೂಮಿನಲ್ಲಿ ಒಂದು ಗಿಟಾರ್ ಇಟ್ಟುಕೊಂಡು ತಾನೇ ಹಾಡು ಕಟ್ಟಿ ತಾನೇ ಹಾಕುತ್ತಾಳೆ. ವೆಲ್ಡಿಂಗ್ ಮಾಡುವಾಗ ನನ್ನ ಕಿವಿಯಲ್ಲಿ ದಿನವೂ ಅವಳೇ. ಐದು ತಿಂಗಳ ಹಿಂದೆ ಅವಳು ನನ್ನ ಚಾನೆಲ್ಲಿನಿಂದ ಅಜ್ಜಿಯ ದನಿ ಎತ್ತಿಕೊಂಡು, ಗಿಟಾರ್ ಸೇರಿಸಿ, ಕೊನೆಗೆ ತಾನೂ ಒಂದು ನುಡಿ ಹಾಡಿ ಹಾಕಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಹಾಡು ಚೆನ್ನಾಗಿತ್ತು. ನಲವತ್ತು ಸಲ ಕೇಳಿ, ದೂರು ಕೊಟ್ಟು ತೆಗೆಸಿದೆ. ಅದು ಬೇರೆ ವಿಷಯ.

“ರೀ, ನಮ್ಮಜ್ಜಿ ಹಾಡಿದ್ದು ನಮ್ಮನ್ಯಾಗೆ, ನಮ್ಮಕ್ಕನ ಮದುವ್ಯಾಗೆ. ನಿಮ್ಮ ಕ್ಯಾಸೆಟ್ಟಿಗೂ ಅದಕ್ಕೂ ಏನ್ರೀ ಸಂಬಂಧ?” ಎಂದೆ.

“ಪದ ನಮ್ದು ಕಣೋ. ನಮ್ಮಪ್ಪಾರು ಸೊಕ್ಕೆಯಿಂದ ಹೆಂಗಸರ್ನ ಟೆಂಪೋದಾಗೆ ಕರ್ಕಂಬಂದು, ಊಟ ಹಾಕಿ, ನಮ್ಮನೆ ಪಡಸಾಲ್ಯಾಗೆ ರೆಕಾರ್ಡ್ ಮಾಡ್ಸಿದ್ದು. ಯಾರ್ದು ಅಂತ ಪದದಾಗೇ ಐತೆ. ಕೇಳು.”

ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಅಜ್ಜಿಯದೇ ದನಿ, ಆದರೆ ಹಲ್ಲೆಲ್ಲ ಇದ್ದ ಕಾಲದ್ದು. ಆ ದನಿಯನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

ಯಾರ ಮನೆ ಒರಳಾಗೆ ಅರಿಶಿಣ ಘಮ್ಮಂತು
ಮಹೇಶ್ವರಪ್ಪನ ಮನೆಯ ಒರಳಾಗೆ

ವಿನಯ್ ನಿಲ್ಲಿಸಿದ. “ಮಹೇಶ್ವರಪ್ಪ ಅಂದ್ರೆ ಯಾರು? ನಮ್ಮಪ್ಪ. ಇನ್ನೇನು ಬೇಕು ಸಾಕ್ಷಿ?”

ಅವನು ತಮಾಷೆ ಮಾಡುತ್ತಿರಲಿಲ್ಲ. ಮೂರೂ ದೂರಿನಲ್ಲಿ ಅದನ್ನೇ ಬರೆದಿದ್ದ.

ಸೂಳೆಕೆರೆ ಕಡೆಯಿಂದ ರೀಚಾರ್ಜಿಗೆ ಬಂದು ಸ್ಟೂಲಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

“ಏನ್ ಕೆಂಪಕ್ಕ, ನಗಾಕೆ ಏನಾತು?” ಎಂದ ವಿನಯ್.

“ಅಲ್ಲಪ್ಪಾ, ಯಾರ ಮನ್ಯಾಗೆ ಅರಿಶಿಣ ಕುಟ್ತೀವೋ ಆ ಮನೆಯೋರ ಹೆಸ್ರು ಹಾಕಿ ಹಾಡಾದು. ನಿಮ್ಮನ್ಯಾಗೆ ಉಂಡವ್ರೆ, ನಿಮ್ಮಪ್ಪನ ಹೆಸ್ರು ಹಾಕವ್ರೆ. ನನ್ನ ಮಗಳ ಮದುವ್ಯಾಗೆ ನಮ್ಮ ಯಜಮಾನ್ರ ಹೆಸ್ರು ಹಾಕಿದ್ವಿ. ಹಂಗಂತ ಅವ್ರು ಪದ ನಂದು ಅಂದ್ರಾ? ಅವ್ರಿಗೆ ಅವತ್ತು ಉಟ್ಟಿದ್ದ ಪಂಚೆ ತಮ್ದೋ ಬೀಗರ್ದೋ ಅಂತ್ಲೇ ಗೊತ್ತಿರ್ಲಿಲ್ಲ!”

ಈ ಸಲ ಆರೂ ಜನ ನಕ್ಕರು. ನನ್ನನ್ನು ನೋಡಿ ನಕ್ಕಿದ್ದವರೇ ಜೋರಾಗಿ ನಕ್ಕರು. ವಿನಯ್ ಕಿವಿ ಕೆಂಪಾಯಿತು.

“ನಮ್ಮ ರೆಕಾರ್ಡಿನಾಗೆ ಬೈಲಪ್ಪ ಅಂತ ಐತೆ,” ಎಂದೆ. “ನಮ್ಮಪ್ಪನ ಹೆಸ್ರು.”

“ಹೂಂ ಮತ್ತೆ,” ಎಂದಳು ಕೆಂಪಕ್ಕ.

ವಿನಯ್ ಕಂಪ್ಯೂಟರಿಗೆ ತಿರುಗಿದ. ಸ್ವಲ್ಪ ಹೊತ್ತು ಕುಟ್ಟಿದ. “ತಗಾ, ಮೂರೂ ದೂರು ವಾಪಸ್,” ಎಂದು ತೋರಿಸಿದ. ನಿಜವಾಗಿಯೂ ತೆಗೆದಿದ್ದ. ನಾನು ಹೊರಡಬೇಕಿತ್ತು. ಎಲ್ಲರೆದುರು ಇನ್ನೊಂದು ಮಾತು ಅನ್ನಬೇಕೆಂದು ನಿಂತೆ.

“ನಿಲ್ಲು, ಇದೊಂದು ಹೇಳಿ ಹೋಗು,” ಎಂದು ಅವನೇ ಇನ್ನೊಂದು ಪುಟ ತೆರೆದು ಪರದೆಯನ್ನು ಗಿರಾಕಿಗಳ ಕಡೆ ತಿರುಗಿಸಿದ. ಚೈತ್ರಾಳ ಹಾಡಿದ್ದ ಜಾಗ ಕಪ್ಪಗಿತ್ತು. ದೂರು ಕೊಟ್ಟವರ ಹೆಸರೂ ಅಲ್ಲಿತ್ತು, ನನ್ನ ಚಾನೆಲ್ಲಿನದು. “ಹೊನ್ನಾಳಿ ಹುಡುಗಿ ಇದೇ ಪದ ಹಾಡಿದ್ಲು. ಈ ಪುಣ್ಯಾತ್ಮ ತೆಗೆಸ್ದ. ಹಿಂಗೂ ತೆಗೆಸ್ಬೋದು ಅಂತ ನಂಗೆ ಗೊತ್ತಾಗಿದ್ದೇ ಇದನ್ನ ನೋಡಿ.”

ಯಾರೂ ನಗಲಿಲ್ಲ. ಕೆಂಪಕ್ಕ ನನ್ನನ್ನೇ ನೋಡುತ್ತಿದ್ದಳು.

“ಆ ಹುಡುಗಿ ಯಾರ ಹೆಸ್ರು ಹಾಕಿದ್ಲಪ್ಪಾ?”

ಚೈತ್ರಾ ಮದುವೆ ಮನೆಯಲ್ಲಿ ಹಾಡಿದವಳಲ್ಲ. ರೂಮಿನಲ್ಲಿ ಒಬ್ಬಳೇ ಕೂತು ಹಾಡಿದವಳು. ತನ್ನ ಅಪ್ಪನ ಹೆಸರು ಹಾಕಿಕೊಳ್ಳಬಹುದಿತ್ತು. ಅವಳು ಹಾಡಿದ್ದು, ಬೊಮ್ಮಕ್ಕನ ಮನೆಯ ಒರಳಾಗೆ ಅಂತ. ನಲವತ್ತು ಸಲವೂ ನನಗೆ ಅದು ಸರಿಯಾಗಿಯೇ ಕೇಳಿಸಿತ್ತು.

“ಹೇಳಪ್ಪಾ, ಯಾರ್ದು?” ಎಂದಳು ಕೆಂಪಕ್ಕ ಮತ್ತೆ.

ಕೌಂಟರಿನ ಮೇಲಿಟ್ಟಿದ್ದ ನನ್ನ ಫೋನು ಎತ್ತಿಕೊಂಡು, ಗಾಜಿನ ಬಾಗಿಲು ತಳ್ಳಿ, ಬಸ್ ಸ್ಟ್ಯಾಂಡಿನ ಕಡೆ ನಡೆದೆ.