ಅಪ್ಪನ ರಕ್ತದಲ್ಲಿ ಸಿಗದ ಗುರುತು

ಅಟ್ಲಾಂಟಿಕ್ ಕಡಲಿನ ನಮ್ಮ ಫ್ಯಾರೋ ದ್ವೀಪಗಳಲ್ಲಿ ಈಗ ಪಫಿನ್ ಎಂಬ ಕಡಲಹಕ್ಕಿ ಹಿಡಿಯುವವರು ಕಡಿಮೆ. ಹಿಡಿಯೋಣವೆಂದರೆ ಹಕ್ಕಿಗಳೂ ಅಷ್ಟಿಲ್ಲ. ನನ್ನ ಚಿಕ್ಕಂದಿನ ಜುಲೈ ತಿಂಗಳುಗಳು ಹಾಗಿರಲಿಲ್ಲ. ಅಪ್ಪ ಹಾನುಸ್ ಉದ್ದ ಕೋಲಿನ ಬಲೆ ಹಿಡಿದು ಕಡಲಬಂಡೆಯ ಅಂಚಿನಲ್ಲಿ ಕೂತರೆ ಸಂಜೆಗೆ ಬೆನ್ನು ಬಾಗುವಷ್ಟು ಹಕ್ಕಿ ಹೊತ್ತು ತರುತ್ತಿದ್ದ. ದ್ವೀಪದಲ್ಲಿ ಅವನಂಥ ಬೇಟೆಗಾರ ಇನ್ನೊಬ್ಬನಿರಲಿಲ್ಲ. ಇದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವನೂ ಅವನೇ.

ಹಕ್ಕಿಗಳನ್ನು ಅಂಗಳದಲ್ಲಿ ಸುರಿದು ಅವನು ಕಾಫಿಗೆ ಹೋದರೆ, ಅಮ್ಮ ಎಲ್ಸ್ಪಾ ಪುಕ್ಕ ಕೀಳಲು ಕೂರುತ್ತಿದ್ದಳು. ಹಕ್ಕಿಗಳಿಂದ ಅವಳ ಕೈಮೇಲೆ ಹತ್ತಿ ಹರಿದಾಡುವ, ರಕ್ತ ಹೀರುವ ಉಣುಗುಗಳನ್ನು ಹಿಡಿದು ಕಲ್ಲಿನ ಮೇಲೆ ಉಗುರಿನಿಂದ ಕುಕ್ಕುವುದು ನನ್ನ ಕೆಲಸ. ಅಮ್ಮನ ಮಗ್ಗುಲಲ್ಲಿ ಕೂತ ಆ ಸಂಜೆಗಳಷ್ಟು ಸುಖವನ್ನು ನಾನು ಮತ್ತೆ ಕಾಣಲಿಲ್ಲ.

ಅಮ್ಮನ ಮೊಣಕಾಲು ಮಾತ್ರ ಆಗಾಗ ಊದಿಕೊಳ್ಳುತ್ತಿತ್ತು. ಒಂದು ವರ್ಷವಂತೂ ಚರ್ಚಿನ ನಾಲ್ಕು ಮೆಟ್ಟಿಲು ಹತ್ತುವುದೂ ಅವಳ ಕೈಲಾಗಲಿಲ್ಲ. ಥಂಡಿ ಎಂದು ಅವಳು ಹೇಳಿದರೆ, ಸೋಮಾರಿತನ ಎಂದು ಅಪ್ಪ ನಗುನಗುತ್ತಲೇ ಅನ್ನುತ್ತಿದ್ದ. ಅವಳು ಇನ್ನು ನಡೆಯುವುದೇ ಇಲ್ಲವೇನೋ ಎಂದು ನನಗೆ ಒಳಗೊಳಗೇ ಹೆದರಿಕೆ.

ಆಗ ಪಟ್ಟಣದಿಂದ ಡಾಕ್ಟರಮ್ಮನೊಬ್ಬಳು ಬಂದಳು. ಹಕ್ಕಿಯ ಮೈಯ ಉಣುಗುಗಳಲ್ಲಿ ಲೈಮ್ ಎಂಬ ರೋಗದ ಸೂಕ್ಷ್ಮಾಣು ಇರುತ್ತದೆ, ಕಚ್ಚಿದರೆ ಮನುಷ್ಯರಿಗೂ ಹತ್ತುತ್ತದೆ, ಹಕ್ಕಿ ಅದನ್ನು ಕಡಲು ದಾಟಿಸುತ್ತದೆ ಎಂದು ಹೇಳಿ, ಬೇಟೆಗಾರರ ರಕ್ತ ತೆಗೆದುಕೊಂಡು ಹೋದಳು. ತಿಂಗಳ ಮೇಲೆ ಫಲಿತಾಂಶದೊಂದಿಗೆ ವಾಪಸಾದಳು. ಹನ್ನೊಂದು ಜನರ ರಕ್ತದಲ್ಲಿ ಆ ಸೂಕ್ಷ್ಮಾಣು ಹೊಕ್ಕು ಹೋದ ಗುರುತಿತ್ತು, ಕಾಯಿಲೆ ಯಾರಿಗೂ ಇರಲಿಲ್ಲ. ನಮ್ಮ ಗಂಡಸರು ಅದನ್ನು ಪದಕ ಸಿಕ್ಕಂತೆ ಹೇಳಿಕೊಂಡು ತಿರುಗಿದರು. ಗುರುತಿಲ್ಲದವನು ಅಪ್ಪನೊಬ್ಬನೇ.

"ಏನಪ್ಪಾ ಹಾನುಸ್, ಇಷ್ಟ್ ವರ್ಷ ಹಕ್ಕಿನ ಅಂಗಡೀಲಿ ಕೊಂಡ್ಕೊಂಡ್ ಬರ್ತಿದ್ಯಾ?" ಎಂದ ಅವನ ಜೊತೆಗಾರ ಡಾಂಜಾಲ್.

ಅಪ್ಪನ ಮುಖ ಸಣ್ಣದಾಯಿತು. ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದು ಡಾಕ್ಟರಮ್ಮನ ಹತ್ತಿರ ಜಗಳಕ್ಕೇ ಹೋದ. ನಾನೂ ಹಿಂದೆ ಹೋದೆ. ಮಿಕ್ಕವರು ತಮ್ಮ ಹಕ್ಕಿಗಳ ಪುಕ್ಕ ತಾವೇ ಕೀಳುತ್ತಾರಂತೆ, ನೀವು ಕೀಳುವುದಿಲ್ಲವೇ ಎಂದು ಅವಳು ಕೇಳಿದಳು. ಅದು ಹೆಂಡತಿಯ ಕೆಲಸ ಎಂದ ಅಪ್ಪ. ಸತ್ತ ಹಕ್ಕಿ ತಣ್ಣಗಾದರೆ ಉಣುಗು ಬೆಚ್ಚಗಿನ ಮೈ ಹುಡುಕುತ್ತದೆ, ಪುಕ್ಕ ಕೀಳುವವರಿಗೇ ಹೆಚ್ಚು ಹತ್ತುತ್ತದೆ ಎಂದು ವಿವರಿಸಿ, ಎಲ್ಲರಿಗೂ ಇದು ಸುಮ್ಮನೆ ಹೋಗುವುದಿಲ್ಲ, ಕೆಲವರ ಕೀಲು ಊದುತ್ತದೆ, ನಿಮ್ಮ ಹೆಂಡತಿಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು.

"ಮೊಣಕಾಲು ನೋವು ಅಂತಾಳೆ," ಎಂದ ಅಪ್ಪ. "ನಾನು ನಂಬ್ಲಿಲ್ಲ."

ಅಮ್ಮನ ರಕ್ತದಲ್ಲಿ ಗುರುತೂ ಇತ್ತು, ಮೊಣಕಾಲಿನಲ್ಲಿ ಕಾಯಿಲೆಯೂ ಇತ್ತು. ಒಂದು ತಿಂಗಳು ಮಾತ್ರೆ ನುಂಗಿದಳು. ಊತ ನಿಧಾನವಾಗಿ ಇಳಿಯಿತು. ಅಪ್ಪ ತಪ್ಪಾಯಿತು ಎನ್ನಲಿಲ್ಲ, ಆ ಮಾತು ಅವನ ಬಾಯಲ್ಲಿ ನಾನು ಎಂದೂ ಕೇಳಿಲ್ಲ. ಬಲೆಯನ್ನು ಅಟ್ಟಕ್ಕೆ ಹಾಕಿಬಿಟ್ಟ. ಮುಂದಿನ ಜುಲೈನಲ್ಲಿ ಅಮ್ಮನೇ ಏಣಿ ಹತ್ತಿ ಅದನ್ನು ಇಳಿಸಿದಳು.

"ನೀನ್ ಹಿಡೀದಿದ್ರೆ ನಾನ್ ತಿನ್ನೋದೇನು? ಹೋಗಿ ಹಿಡ್ಕೊಂಡ್ ಬಾ. ಕೀಳೋದೂ ನೀನೇ."

ಕಿತ್ತ. ಒಂದು ಹಿಡಿ ಪುಕ್ಕಕ್ಕೆ ಅರ್ಧ ಚರ್ಮವೂ ಬರುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿ ನಕ್ಕರು. ಅವನ ಮಣಿಕಟ್ಟಿನಲ್ಲಿ ಉಣುಗೊಂದು ಕಚ್ಚಿಕೊಂಡಿತ್ತು. ಅಮ್ಮ ಕೀಳಲು ಹೋದರೆ ಕೈ ಹಿಂದಕ್ಕೆಳೆದುಕೊಂಡ.

"ಇರ್ಲಿ ಬಿಡೇ," ಎಂದ. "ನಿನಗೆಷ್ಟು ಕಚ್ಚಿದಾವೋ."

ಅಮ್ಮ ಅವನ ತಲೆಗೊಂದು ಮೊಟಕಿ, ಕೈಯನ್ನು ಮಡಿಲಿಗೆಳೆದುಕೊಂಡು ಉಣುಗನ್ನು ಕಿತ್ತಳು. ಕಿತ್ತ ಮೇಲೂ ಕೈ ಬಿಡಲಿಲ್ಲ.