ದನಗಳ ಘಟ್ಟದಲ್ಲಿ ಕೆಂಪು ಕಿಲ್ಟ್

ಹದಿನಾಲ್ಕು ತಿಂಗಳಾದ ಮೇಲೆ ಲಾಕ್ಲನ್ ಬೈಕಿನ ಗೆಳೆಯರ ಮುಂದೆ ಬಂದು ನಿಂತದ್ದು ಬಸ್ಸಿಳಿದು, ಅದೂ ಆ ಸೀಮೆಯ ಗಂಡಸರ ಹಳೇ ಉಡುಗೆ, ಮಂಡಿಯುದ್ದದ ಲಂಗದಂಥ ಕಿಲ್ಟ್ ಉಟ್ಟುಕೊಂಡು. ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಗೇಡು ಅನ್ನುವುದು ಅವನಿಗೇ ತೀರ್ಮಾನವಾಗಿರಲಿಲ್ಲ.

ಅವನು ಕಿಶೋರ್ನ್ ಬಂದರಿನಲ್ಲಿ ಹಡಗಿಗೆ ಬೆಸುಗೆ ಹಾಕುತ್ತಿದ್ದ ಗಟ್ಟಿ ಆಳು. ಹೋದ ವರ್ಷ ಬೈಕು ಜಾರಿ, ಎಡಗಾಲು ಇಪ್ಪತ್ತು ಮಾರು ರಸ್ತೆಗೆ ಉಜ್ಜಿಕೊಂಡು ಹೋಗಿತ್ತು. ಮೂಳೆ ಕೂಡಿತು. ಮಂಡಿಯ ಕೆಳಗೆ ಹಚ್ಚಿದ ಹೊಸ ಚರ್ಮ ಮಾತ್ರ ಬಟ್ಟೆ ಸೋಕಿದರೆ ಸಾಕು, ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ಪ್ಯಾಂಟು ತೊಡುವ ಹಾಗಿಲ್ಲ. ತಾಯಿ ಪೆಟ್ಟಿಗೆಯ ತಳದಿಂದ ತನ್ನ ಅಣ್ಣನ ಕಿಲ್ಟ್ ತೆಗೆದಳು. ಎಂಟು ಗಜ ಉಣ್ಣೆಯ ನೆರಿಗೆ, ದಟ್ಟ ಕೆಂಪಿನ ಮೇಲೆ ಹಸಿರು ಗೆರೆ.

"ಇದನ್ನ ಉಟ್ಕೊಂಡು ಅವರ ಮುಂದೆ ಹೋಗ್ಲಾ ಅಮ್ಮಾ?"

"ಹೋಗು. ನಿಮ್ಮ ಮಾವ ಉಟ್ಟಾಗ ನಗೋ ಧೈರ್ಯ ಯಾರಿಗೂ ಇರ್ಲಿಲ್ಲ."

"ಮಾವ ಆರೂಕಾಲು ಅಡಿ ಇದ್ದ."

"ನೀನು ನೆಟ್ಟಗೆ ನಿಂತ್ಕೋ."

ಅಮ್ಮನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಘಟ್ಟದ ಬುಡದ ಚಹಾದಂಗಡಿಗೆ ಯಾರಾದರೂ ಕಿಲ್ಟ್ ಉಟ್ಟು ಬಂದರೆ "ಬಂತಪ್ಪಾ ಬಿಸ್ಕತ್ತಿನ ಡಬ್ಬಿ" ಎಂದು ಮೊದಲು ಕೂಗುತ್ತಿದ್ದವನು ಲಾಕ್ಲನ್ನೇ. ಪ್ರವಾಸಿಗರಿಗೆ ಮಾರುವ ಬಿಸ್ಕತ್ತಿನ ಡಬ್ಬಿಗಳ ಮೇಲೆಲ್ಲ ಕಿಲ್ಟ್ ಉಟ್ಟವರದೇ ಚಿತ್ರ ತಾನೆ.

ಅಂಗಡಿಯ ಮುಂದೆ ಹನ್ನೆರಡು ಬೈಕು ನಿಂತಿದ್ದವು. ಎದೆಯವರೆಗೆ ಗಡ್ಡ ಬಿಟ್ಟ ಡೂಗಲ್ ಮೊದಲು ಕಂಡ.

"ಲೋ, ಬನ್ರೋ! ಡಬ್ಬಿಗೆ ಕಾಲು ಬಂದಿದೆ! ಒಳಗೇನಿದೆ ಅಂತ ಕೇಳಲ್ಲಪ್ಪ, ತಿಂಡಿ ತಿನ್ನೋ ಹೊತ್ತು."

"ಕೇಳ್ಬೇಡ, ಹೊಟ್ಟೆಕಿಚ್ಚು ಪಡ್ತೀಯ," ಅಂದ ಲಾಕ್ಲನ್.

ಹೋ ಎಂದು ನಗು ಎದ್ದಿತು. ಆಮೇಲೆ ಒಬ್ಬೊಬ್ಬರ ಕಣ್ಣೂ ಕೆಳಗಿಳಿದು, ಮೇಣ ಸುರಿದಂತಿದ್ದ ಆ ಕಾಲಿನ ಮೇಲೆ ನಿಂತಿತು. ನಗು ಆರಿಹೋಯಿತು. ಅವನಿಗೆ ನಗುವಿಗಿಂತ ಆ ಮೌನವೇ ಹೆಚ್ಚು ಚುಚ್ಚಿತು. ಬಂದ ಬಸ್ಸಿಗೇ ವಾಪಸು ಹೋಗಿಬಿಡೋಣ ಅನ್ನಿಸಿತು.

ಆಗ ಮೋರಾಗ್ ಹೆಲ್ಮೆಟ್ಟಿನಿಂದ ಅವನ ಬೆನ್ನಿಗೆ ತಿವಿದಳು. ಅರವತ್ತು ದಾಟಿದವಳು, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಆಡಿಸಿದವಳು. ಅವಳ ಬೈಕಿಗೆ ಪಕ್ಕದಲ್ಲೊಂದು ತೊಟ್ಟಿಲಿನಂಥ ಗಾಡಿ.

"ಎಷ್ಟು ಹೊತ್ತು ಕಂಬದ ಹಾಗೆ ನಿಂತಿರ್ತೀಯೋ? ಹತ್ತು. ನೆರಿಗೆ ಒತ್ತಿಟ್ಕೋ, ಗಾಳಿಗೆ ಹಾರಿದ್ರೆ ನಾನು ರಸ್ತೆ ನೋಡ್ಲೋ ನಿನ್ನ ನೋಡ್ಲೋ!"

ದನಗಳ ಘಟ್ಟದ ದಾರಿ ಹಾವಿನಂತೆ ಹೊರಳಿ ಹೊರಳಿ ಮೇಲೇರುತ್ತದೆ. ಮೂರನೆಯ ತಿರುವಿನಲ್ಲಿ ಮೋಡ ಅವರನ್ನು ನುಂಗಿತು. ಮುಂದಿನ ಬೈಕುಗಳು ಬರೀ ಸದ್ದಾದವು, ಆಮೇಲೆ ಸದ್ದೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮೆತ್ತಗಾಯಿತು. ದಾರಿಯಂಚಿನಲ್ಲಿ ಹೆಣ್ಣುಜಿಂಕೆಯೊಂದರ ತಲೆ ಮಾತ್ರ ತೇಲಿ ಬಂದು, ಅವನನ್ನೇ ದಿಟ್ಟಿಸಿ, ಕರಗಿಹೋಯಿತು. ಎಲ್ಲೋ ಕಲ್ಲಿನ ಮೇಲೆ ನೀರು ಬೀಳುತ್ತಿತ್ತು. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ತಿಳಿಯದೆ ಲಾಕ್ಲನ್ ಕಣ್ಣು ಅರೆಮುಚ್ಚಿದ. ಬಿದ್ದಂದಿನಿಂದ ಕನಸಿನಲ್ಲೂ ಅವನು ಇಷ್ಟು ಹಗುರಾಗಿರಲಿಲ್ಲ.

ಘಟ್ಟದ ತುದಿಯಲ್ಲಿ ಒಂಟಿ ಕಾರು ನಿಂತಿತ್ತು. ಕಪ್ಪು ಚರ್ಮದ ಜಾಕೀಟಿನವರು ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದದ್ದು ಕಂಡು ಒಳಗಿದ್ದ ಮುದುಕಿ ಟಕ್ಕನೆ ಬಾಗಿಲಿಗೆ ಬೀಗ ಹಾಕಿಕೊಂಡಳು. ಲಾಕ್ಲನ್ ಇಳಿದಾಗ ಮಾತ್ರ ಗಾಜು ಎರಡು ಬೆರಳಷ್ಟು ಕೆಳಗಾಯಿತು.

"ನೀವು ಇಲ್ಲಿಯವರಾ?"

"ಹೌದಮ್ಮ."

"ಮರ್ಯಾದಸ್ಥರ ಹಾಗೆ ಕಾಣ್ತೀರಿ. ಈ ಜನ ಹೋಗೋವರೆಗೂ ಇಲ್ಲೇ ನಿಂತಿರಿ. ಆಮೇಲೆ ಒಂದು ಉಪಕಾರ ಆಗ್ಬೇಕು."

"ನಾನೂ ಈ ಜನದವನೇ ಅಮ್ಮ."

"ಮತ್ತೆ ಕಿಲ್ಟ್ ಉಟ್ಟಿದ್ದೀರಿ?"

"ಉಟ್ಟಿದ್ದೀನಿ. ಇವರ ಜೊತೆಗೇ ಬಂದಿದ್ದೀನಿ. ಏನಾಯ್ತು ಹೇಳಿ."

ಅವಳು ಗಾಜನ್ನು ಪೂರ್ತಿ ಇಳಿಸಿದಳು. ಅವಳು ಹಾಲೆಂಡಿನ ತ್ರೀನ್. ಗಂಡ ಯೋಪ್‌ಗೆ ಎಪ್ಪತ್ತೆಂಟು, ಈಗೀಗ ಮರೆವು. ತುದಿಯಲ್ಲಿ ಗುರುತಿಗೆ ಒಟ್ಟಿದ ಕಲ್ಲುಗುಪ್ಪೆ ನೋಡಿ ಬರುತ್ತೇನೆಂದು ಇಳಿದವನು ಮುಕ್ಕಾಲು ಗಂಟೆಯಾದರೂ ಬಂದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ.

ಡೂಗಲ್ ಆಗಲೇ ಹುಲ್ಲಿನ ಕಡೆ ಎರಡು ಹೆಜ್ಜೆ ಹಾಕಿದ್ದ. ಮೋರಾಗ್ ತಡೆದಳು.

"ನಿಲ್ಲೋ! ಈ ಮಂಜಲ್ಲಿ ನುಗ್ಗಿದ್ರೆ ಒಬ್ಬರ ಬದಲು ಹದಿಮೂರು ಜನರನ್ನ ಹುಡುಕ್ಬೇಕಾಗುತ್ತೆ. ಅವರೇ ನಮ್ಮ ಹತ್ರ ಬರೋ ಹಾಗೆ ಮಾಡೋಣ."

ಒಬ್ಬ ರಕ್ಷಣಾ ದಳದವರಿಗೆ ಸುದ್ದಿ ಮುಟ್ಟಿಸಲು ಕೆಳಗಿಳಿದ. ಉಳಿದವರು ಬೈಕುಗಳನ್ನು ಸಾಲಾಗಿ ನಿಲ್ಲಿಸಿ ದೀಪ ಹಚ್ಚಿದರು. ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತುವುದು, ಉಸಿರು ಬಿಗಿಹಿಡಿದು ಆಲಿಸುವುದು.

"ನಾವೆಲ್ಲ ಕರಿ ಕಾಗೆಗಳು," ಅಂದ ಡೂಗಲ್. "ಕಣ್ಣಿಗೆ ಬೀಳೋದು ನೀನೊಬ್ನೇ ಕಣೋ." ಲಾಕ್ಲನ್‌ನ ಸೊಂಟ ಹಿಡಿದು ದೀಪಗಳ ಮುಂದಿನ ಬಂಡೆಯ ಮೇಲೆ ಎತ್ತಿ ನಿಲ್ಲಿಸಿದ. ಜಾರದಂತೆ ಅವನ ಒಳ್ಳೆಯ ಕಾಲನ್ನು ತಬ್ಬಿ ಹಿಡಿದುಕೊಂಡ.

ಲಾಕ್ಲನ್ ನೆಟ್ಟಗೆ ನಿಂತ. ಬೆಳಕು ಬೆನ್ನಿಗೆ ಬಡಿದು ಎದುರಿನ ಬಿಳಿಯಲ್ಲಿ ಅವನದೇ ದೊಡ್ಡ ನೆರಳು ಬಿದ್ದಿತು. ಗಾಳಿಗೆ ನೆರಿಗೆಗಳು ಬಿಚ್ಚಿ ಮಡಚಿ, ಮತ್ತೆ ಬಿಚ್ಚಿದವು. ಉರಿಯುವ ಕಾಲಿಗೆ ಮಂಜು ತಣ್ಣಗೆ ಸವರುತ್ತಿತ್ತು. ಹಾರ್ನ್ ಮೊಳಗಿತು, ನಿಂತಿತು. ಎಷ್ಟು ಸಲವೋ ಅವನು ಎಣಿಸಲಿಲ್ಲ. ಅಷ್ಟು ಹೊತ್ತೂ ತ್ರೀನ್ ಕಾರಿನಿಂದಿಳಿದು ಮೋರಾಗ್‌ಳ ತೋಳು ಹಿಡಿದು ನಿಂತಿದ್ದಳು.

ಕೊನೆಗೆ ಬಿಳಿಯೊಳಗಿಂದ ಒಬ್ಬ ಮುದುಕ ಹಿತ್ತಿಲಲ್ಲಿ ಅಡ್ಡಾಡುವವನ ಹಾಗೆ ನಿಧಾನವಾಗಿ ನಡೆದು ಬಂದ. ಮೊಣಕಾಲವರೆಗೆ ಕೆಸರು, ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ಕಿಲ್ಟಿನ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ.

"ಕೆಂಪಗೆ ಕಾಣ್ತು. ನಮ್ಮನೆ ಬಾಗಿಲು ಅಂದ್ಕೊಂಡೆ."

"ಕೆಂಪು ಬಾಗಿಲು ಇವರಮ್ಮನ ಮನೇದು, ಇವರು ಚಿಕ್ಕವರಿದ್ದಾಗಿನದು," ಎಂದು ತ್ರೀನ್ ಗಂಡನನ್ನು ತಬ್ಬಿಕೊಂಡು ಅತ್ತಳು. ಲಾಕ್ಲನ್ ಬಂಡೆಯ ಮೇಲೆಯೇ ಕುಸಿದು ಕೂತ. ಡೂಗಲ್ ಯಾರ ಮುಖವನ್ನೂ ನೋಡದೆ ತನ್ನ ಜಾಕೀಟು ಬಿಚ್ಚಿ ಮುದುಕನಿಗೆ ಹೊದಿಸಿದ.

ಕೈಚೀಲದಿಂದ ತ್ರೀನ್ ತಮ್ಮೂರಿನ ಕರೀ ಮಿಠಾಯಿ ತೆಗೆದು ಎಲ್ಲರಿಗೂ ಹಂಚಿದಳು, ಮೊದಲನೆಯದು ಡೂಗಲ್‌ಗೆ. ಅದು ಉಪ್ಪುಪ್ಪು, ಕಹಿ. ಡೂಗಲ್‌ನ ಕಣ್ಣಲ್ಲಿ ನೀರು ತುಂಬಿತು. ಉಗಿಯುವ ಧೈರ್ಯವಾಗಲಿಲ್ಲ.

"ಚೆನ್ನಾಗಿದೆಯಾ?" ಅಂದಳು ಅವಳು.

"ಬಹಳ ಚೆನ್ನಾಗಿದೆ ಅಮ್ಮ," ಅಂದ ಅವನು, ಮತ್ತೊಂದಕ್ಕೆ ಕೈಯನ್ನೂ ಚಾಚಿದ.