ಪಾಗಾರದ ಆಚೆಯ ಗೌರಿಹೂ

ಪಕ್ಕದ ಮನೆಯ ಸೌದಾಳ ಕೋಳಿಗಳನ್ನು ಕಂಡರೆ ನನಗಾಗುವುದಿಲ್ಲ. ಅವು ನನಗೇನೂ ಮಾಡಿಲ್ಲ. ನಡುವಿನ ಪಾಗಾರದ ಗೋಡೆಯ ಆಚೆ ಅವಳ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆದಕುತ್ತಿರುತ್ತವೆ, ಅಷ್ಟೇ. ಆದರೆ ಅವು ಕೆದಕಿದಲ್ಲೆಲ್ಲ ಹೂವಾಗುತ್ತದೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನ ನಮ್ಮ ಮಕ್ಕಳು ತಟ್ಟೆ ತುಂಬ ಹೂ ಹಿಡಿದು ಇಗರ್ಜಿಗೆ ಹೋಗುತ್ತಾರೆ, ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಕೆಮ್ಮಣ್ಣು ಊರಿನ ನಮ್ಮ ಓಣಿಯಲ್ಲಿ ಹೋದ ವರ್ಷದವರೆಗೂ ಆ ಹೂವೆಲ್ಲ ನನ್ನ ಅಂಗಳದ್ದು. "ಜೋಸ್ಲಿನ್ ಆಂಟಿ, ಹೂ ಕೊಡಿ" ಎಂದು ಮಕ್ಕಳು ಸಾಲು ನಿಲ್ಲುತ್ತಿದ್ದರು. ನಾನು ಗತ್ತಿನಲ್ಲಿ ಹಂಚುತ್ತಿದ್ದೆ.

ಈ ವರ್ಷ ಮಳೆಯ ಜತೆ ಬಸವನಹುಳು ಬಂತು. ರಾತ್ರಿ ಬೆಳಗಾಗುವುದರಲ್ಲಿ ಗೌರಿಹೂವಿನ ಗಿಡಗಳೆಲ್ಲ ಬರೀ ಕಡ್ಡಿ. ಸಿಟ್ಟಿನಲ್ಲಿ ಉಪ್ಪು ಎರಚಿದೆ. ಹುಳ ಸತ್ತವು, ಅವುಗಳ ಜತೆ ಗಿಡಗಳೂ ಸತ್ತವು. ಅಡುಗೆಮನೆಯ ಹಿಂದಿನ ಒಂದೇ ಒಂದು ಹೂವಿನ ಮಡಿ ಉಳಿಯಿತು.

ಸೌದಾಳ ಅಂಗಳದಲ್ಲೂ ಅದೇ ಮಳೆ. ಆದರೆ ಅಲ್ಲಿ ಕೋಳಿಗಳು ಹುಳವನ್ನು ಮರಿಯಿರುವಾಗಲೇ ಹೆಕ್ಕಿ ನುಂಗಿದವು, ಗೆದ್ದಲು ತಿಂದವು, ಕಳೆಯ ಮೊಳಕೆ ಕಿತ್ತವು, ಹಿಕ್ಕೆ ಹಾಕಿ ಗೊಬ್ಬರವನ್ನೂ ಕೊಟ್ಟವು. ಅವಳಾದರೋ ಅಂಗಳವನ್ನು ಸರಿಯಾಗಿ ಗುಡಿಸಿದವಳೇ ಅಲ್ಲ. ಎಲ್ಲಿ ನೋಡಿದರೂ ತರಗೆಲೆ. ಗಿಡಗಳ ಬುಡಕ್ಕೆಲ್ಲ ತೆಂಗಿನ ಸಿಪ್ಪೆ ಒತ್ತಿಟ್ಟಿದ್ದಳು, ನೋಡಲು ಅಸಹ್ಯ. ಅಂಥ ಅಂಗಳದಲ್ಲಿ ಗೌರಿಹೂ ಮೊಣಕಾಲೆತ್ತರ ಬಂದಿತ್ತು. ಮಕ್ಕಳ ಸಾಲು ಈಗ ಅವಳ ಗೇಟಿನಲ್ಲಿ.

ನಾನೂ ಕಾಪುವಿನಿಂದ ಎರಡು ಊರ ಹೇಂಟೆ ತಂದೆ.

"ಎಂತ ಮಾರಾಯ್ತಿ, ನಿನಗೆ ಕೋಳಿ ಬೇಕಿತ್ತಾ, ಇಲ್ಲ ಸೌದಾಳ ಹೊಟ್ಟೆ ಉರಿಸಬೇಕಿತ್ತಾ?" ಎಂದು ನನ್ನ ಗಂಡ ರೇಮಂಡ್ ನಕ್ಕ.

ನನ್ನ ಅಂಗಳದ ಬಗ್ಗೆ ನನಗೆ ಜಂಬ. ದಿನವೂ ಹಿಡಿಸೂಡಿಯಲ್ಲಿ ಗುಡಿಸಿ, ತರಗೆಲೆ ಒಟ್ಟು ಮಾಡಿ ಸುಟ್ಟು, ಗೊಬ್ಬರಕ್ಕೆ ಸುಡುಮಣ್ಣು ಮಾಡುತ್ತೇನೆ. ಅನ್ನ ಬಿದ್ದರೂ ಹೆಕ್ಕಿ ತಿನ್ನಬಹುದು. ಹೇಂಟೆಗಳು ಆ ಅಂಗಳದಲ್ಲಿ ಒಂದು ಸುತ್ತು ಬಂದವು, ಕೆದಕಲು ಏನೂ ಕಾಣದೆ ಪಾಗಾರ ಹಾರಿ ಸೌದಾಳ ತರಗೆಲೆಗೆ ಇಳಿದವು. ಸಂಜೆ ಹೊಟ್ಟೆ ತುಂಬಿಸಿಕೊಂಡು ಮಲಗಲು ಮಾತ್ರ ಮನೆಗೆ ಬಂದವು. ದಿನವೂ ಅದೇ ಕಥೆ. ಮೊಟ್ಟೆ ಇಟ್ಟದ್ದೂ ಅಲ್ಲೇ.

"ಇದು ನಿಮ್ಮ ಕೋಳಿಯದ್ದು ಜೋಸ್ಲಿನಕ್ಕ" ಎಂದು ಸೌದಾ ಮೊಟ್ಟೆ ತಂದುಕೊಟ್ಟಾಗ ನನಗೆ ಮೈಯೆಲ್ಲ ಉರಿಯಿತು. ನನ್ನ ದುಡ್ಡಿನ ಕೋಳಿ, ಅವಳ ತೋಟದ ಚಾಕರಿ!

ಹಬ್ಬದ ಹಿಂದಿನ ದಿನ ಎರಡರ ರೆಕ್ಕೆಯ ಗರಿಯನ್ನೂ ಕತ್ತರಿಸಿಬಿಟ್ಟೆ. ಹಾರಲಿ ನೋಡುವಾ ಎಂದುಕೊಂಡೆ. ಉಳಿದ ಆ ಒಂದು ಮಡಿಯ ಹೂವನ್ನು ಬೆಳಿಗ್ಗೆ ಕೊಯ್ದು ಮಗಳು ಲಿಯೋನಾಳ ತಟ್ಟೆಗೆ ನಾನೇ ತುಂಬಬೇಕು. ಹಬ್ಬದ ದಿನವಾದರೂ ನನ್ನ ಮಗಳು ಪರರ ಗೇಟಿನಲ್ಲಿ ನಿಲ್ಲಬಾರದು.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮಡಿ ಇಲ್ಲ. ಗಟ್ಟಿಯಾದ ಅಂಗಳದಲ್ಲಿ ಮೆದು ಮಣ್ಣು ಇದ್ದದ್ದು ಅಲ್ಲಿ ಮಾತ್ರ. ಹಾರಲಾಗದ ಹೇಂಟೆಗಳು ಅದನ್ನೇ ಬುಡಮೇಲು ಮಾಡಿದ್ದವು. ಹೂವು ಮಣ್ಣಿನಡಿ, ಬೇರು ಮೇಲೆ. ಸೌದಾ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆ ಒತ್ತಿಟ್ಟದ್ದು ಕೋಳಿ ಬೇರು ಕೆದಕದಿರಲಿ ಎಂದು ಆಗ ಗೊತ್ತಾಯಿತು. ಅಲ್ಲೇ ಕೂತು ಅತ್ತೆ.

"ಮಮ್ಮಿ, ನಾನು ಸೌದಾ ಆಂಟಿ ಹತ್ರ ಕೇಳ್ತೇನೆ" ಎಂದು ಲಿಯೋನಾ ತಟ್ಟೆ ಹಿಡಿದು ಓಡಿದಳು.

ತುಂಬಿದ ತಟ್ಟೆಯ ಜತೆ ಸೌದಾಳೂ ಪಾಗಾರದವರೆಗೆ ಬಂದಳು. "ನಮ್ಮ ಅಂಗಳ ಕೆದಕಿದ್ದರಲ್ಲಿ ನಿಮ್ಮ ಕೋಳಿಗಳೂ ಉಂಟಲ್ವಾ ಜೋಸ್ಲಿನಕ್ಕ? ಇದು ನಿಮ್ಮ ಹೂವೇ."

ಅವಳು ಜಂಬ ಕೊಚ್ಚಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಇಗರ್ಜಿಯಲ್ಲಿ ಪಕ್ಕ ಕೂತವಳು ಪಿಸುಗುಟ್ಟಿದಳು: "ಎಷ್ಟು ಚಂದದ ಹೂ! ಈ ವರ್ಷವೂ ನಿನ್ನದೇ ಅಲ್ವಾ?"

ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮುಂದಿನ ಸಾಲಿನಿಂದ ಲಿಯೋನಾ ತಿರುಗಿ ನನ್ನನ್ನೇ ನೋಡಿದಳು.

"ಅಲ್ಲ, ಸೌದಾಳದ್ದು" ಎಂದೆ. ಹಾಗಲಕಾಯಿ ಹಸಿಯಾಗಿ ಜಗಿದ ಹಾಗಾಯಿತು.

ಮರುದಿನ ಎಂದಿನಂತೆ ಹಿಡಿಸೂಡಿ ಹಿಡಿದೆ. ಅರ್ಧ ಅಂಗಳ ಗುಡಿಸಿದ ಮೇಲೆ ಕೈಗೆ ಬುದ್ಧಿ ಬಂತು. ತರಗೆಲೆಗೆ ಬೆಂಕಿ ಕೊಡಲಿಲ್ಲ, ಹಾಳಾದ ಮಡಿಯ ಮೇಲೆ ಸುರಿದೆ. ಹೇಂಟೆಗಳು ಬಂದು ಒಂದೆರಡು ಸಲ ಕೆದಕಿದವು, ಏನೂ ಸಿಗದೆ ಪಾಗಾರದ ಬುಡಕ್ಕೆ ಹೋದವು. ಅಲ್ಲಿನ ಕಲ್ಲೊಂದನ್ನು ಹತ್ತಿ, ಕೊರಳೆತ್ತಿ, ಆಚೆ ನೋಡುತ್ತ ನಿಂತವು.

"ಹುಳ ಆಗ್ಲಿಕ್ಕೆ ಸಮಯ ಬೇಕು, ಸ್ವಲ್ಪ ತಡೆಯಿರಿ!" ಎಂದು ಗದರಿದೆ.

ಗದರಿದ ಮೇಲೆ ಗೊತ್ತಾಯಿತು, ನಾನೂ ಅವುಗಳ ಪಕ್ಕದಲ್ಲೇ ನಿಂತು ಸೌದಾಳ ಅಂಗಳ ನೋಡುತ್ತಿದ್ದೆ.